ಬಸ್ಸಿಲ್ಲದ ಊರಿಗೆ ಕಾಂಕ್ರೀಟಿನ ಬೀದಿ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಬರೆದ ಪ್ರವಾಸದ ಟಿಪ್ಪಣಿಯನ್ನು ಒಂದಲ್ಲ, ಎರಡು ಸಲ ಓದಿದೆ. ಸಕುಟುಂಬರಾಗಿ ಮುಂಬಯಿಯಿಂದ ಕಾರಿನಲ್ಲಿ ಹೊರಟು, ಸಮೃದ್ಧಿ ಮಹಾಮಾರ್ಗ ಹಿಡಿದು, ಎಲ್ಲೋರದ ಕೈಲಾಸವನ್ನು ಕಣ್ತುಂಬ ನೋಡಿ, ಛತ್ರಪತಿ ಸಂಭಾಜಿನಗರದಲ್ಲಿ ಒಂದು ರಾತ್ರಿ ತಂಗಿ, ಮರಳುವಾಗ ನಾಶಿಕದಲ್ಲಿ ಗೋದಾವರಿಯ ದರ್ಶನ ಮಾಡಿಕೊಂಡು ಅವರು ಮನೆ ಸೇರಿದ್ದಾರೆ. ಸಂತೋಷ. ಬರವಣಿಗೆಯೂ ಸೊಗಸಾಗಿದೆ. ಆದರೆ ಕೊನೆಯ ಅರ್ಧ ಪುಟದಲ್ಲಿ ಅವರು ಕೊಟ್ಟಿರುವ ತೀರ್ಪು ನನಗೆ ಒಪ್ಪಿಗೆಯಿಲ್ಲ. ನಾಶಿಕದ ಸ್ಮಾರ್ಟ್ ರಸ್ತೆ ನೋಡಿ ಅವರ ಕಣ್ಣು ತಂಪಾಯಿತಂತೆ. ಸಂಭಾಜಿನಗರದ ಜಾಲ್ನಾ ರಸ್ತೆಯ ಇಕ್ಕೆಲದ ಕಟ್ಟಡಗಳನ್ನು ಕೆಡವಿದ ಸುದ್ದಿ ಕೇಳಿ ಆಡಳಿತವೆಂದರೆ ಹೀಗಿರಬೇಕು ಎನಿಸಿತಂತೆ. ಪರಸ್ಥಳದಲ್ಲಿ ಬಾಳುವ ನಮ್ಮಂಥ ಕನ್ನಡ ಕುಟುಂಬಗಳು ಇಂಥ ಕೆಲಸಗಳ ಗೊಡವೆಗೆ ಹೋಗದೆ ತಮ್ಮ ಪಾಡಿಗೆ ತಾವಿರುವುದೇ ಲೇಸಂತೆ.

ಅವರ ಮೇಲೆ ನನಗೆ ಗೌರವವಿದೆ. ಆದರೂ ಹೇಳಲೇಬೇಕು: ಕಾರಿನ ಗಾಜಿನೊಳಗಿಂದ ಕಾಣುವ ಬೀದಿಯೇ ಬೇರೆ, ಚಪ್ಪಲಿಯಡಿ ತಿಳಿಯುವ ಬೀದಿಯೇ ಬೇರೆ. ನಾನು 1979ರಲ್ಲಿ ಧಾರವಾಡ ಜಿಲ್ಲೆಯಿಂದ ಓಝರದ ವಿಮಾನ ಕಾರ್ಖಾನೆಗೆ ಬಂದವನು. ಬೆಂಗಳೂರಿನ ನಮ್ಮ ಎಚ್.ಎ.ಎಲ್. ಸಂಸ್ಥೆ ಮಿಗ್ ವಿಮಾನಗಳಿಗಾಗಿ 1964ರಲ್ಲಿ ಇಲ್ಲಿ ಶಾಖೆ ತೆರೆಯಿತಲ್ಲ, ಅದರ ಹಿಂದೆ ಬಂದ ಕನ್ನಡದ ಮನೆಗಳಲ್ಲಿ ನಮ್ಮದೂ ಒಂದು. ನಿವೃತ್ತನಾಗಿ ಹತ್ತು ವರ್ಷದ ಮೇಲಾಯಿತು. ಮಗಳು ಸಂಭಾಜಿನಗರದಲ್ಲಿದ್ದಾಳೆ. ತಿಂಗಳಿಗೊಮ್ಮೆ ನಾಶಿಕದ ಸಿಟಿ ಬಸ್ಸು, ಅಲ್ಲಿಂದ ಎಸ್.ಟಿ., ಇಳಿದ ಮೇಲೆ ಮತ್ತೆ ಅಲ್ಲಿನ ಸಿಟಿ ಬಸ್ಸು, ಉಳಿದದ್ದಕ್ಕೆ ಕಾಲು. ಆದ್ದರಿಂದ ಈ ಎರಡು ಊರುಗಳ ಬೀದಿಗಳ ವಿಷಯದಲ್ಲಿ ನಾಲ್ಕು ಮಾತಾಡುವ ಹಕ್ಕು ನನ್ನ ಮೊಣಕಾಲಿಗಾದರೂ ಇದೆಯೆಂದು ಭಾವಿಸಿದ್ದೇನೆ.

ಮೊದಲು ಆ ಸ್ಮಾರ್ಟ್ ರಸ್ತೆಯ ಮಾತು. ಅದು ಎಷ್ಟು ಉದ್ದವೆಂದು ನಮ್ಮ ಹಿರಿಯರು ಬರೆದಿಲ್ಲ. ತ್ರ್ಯಂಬಕ ನಾಕಾದಿಂದ ಸಿ.ಬಿ.ಎಸ್. ದಾಟಿ, ಮೇಹೆರ್ ಚೌಕದ ಮೇಲಿಂದ ಅಶೋಕ ಸ್ತಂಭದವರೆಗೆ, ಬರೀ 1.1 ಕಿಲೋಮೀಟರು. ಖರ್ಚು ಸುಮಾರು 17 ಕೋಟಿ ರೂಪಾಯಿ. 2018ರಲ್ಲಿ ಅಗೆತ ಶುರುವಾಯಿತು. ಗಡುವುಗಳು ಒಂದರ ಹಿಂದೊಂದು ದಾಟಿಹೋದವು. ಜಿಲ್ಲಾ ನ್ಯಾಯಾಲಯ, ಜಿಲ್ಲಾಧಿಕಾರಿಗಳ ಕಛೇರಿ, ಊರಿನ ಹಳೆಯ ಬಸ್ ನಿಲ್ದಾಣ ಎಲ್ಲವೂ ಇರುವ ಜಾಗ ಅದು. ಕಕ್ಷಿದಾರರು, ವಕೀಲರು, ಹಳ್ಳಿಯಿಂದ ಪಹಣಿ ಪತ್ರಕ್ಕೆ ಬಂದ ರೈತರು ಎಷ್ಟೋ ತಿಂಗಳ ಕಾಲ ಆ ಹಳ್ಳದ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಇರುವೆಗಳಂತೆ ನಡೆದರು. ವ್ಯಾಪಾರಸ್ಥರು ಗೋಳಾಡಿದರು. ಕೊನೆಗೂ ರಸ್ತೆಯಾಯಿತು: ಕಾಂಕ್ರೀಟು, ಹೊಸ ದೀಪ, ಪಾದಚಾರಿ ಪಥ, ಸೈಕಲ್ ಪಥ. ಸೈಕಲ್ ಪಥದಲ್ಲಿ ನಾನು ಸೈಕಲ್ಲು ಕಂಡದ್ದು ಅಪರೂಪ. ನಿಲ್ಲಿಸಿದ ಮೋಟಾರ್ ಸೈಕಲ್ಲು ಕಾಣದ ದಿನವಂತೂ ಇನ್ನೂ ಅಪರೂಪ.

ರಸ್ತೆ ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಪಾದಚಾರಿ ಪಥವೆಂಬುದು ಅಲ್ಲಿ ಇದೆ, ಅಷ್ಟರ ಮಟ್ಟಿಗೆ ಮೊದಲಿಗಿಂತ ಮೇಲು. ನನ್ನ ತಕರಾರು ಬೇರೆ. 1.1 ಕಿಲೋಮೀಟರಿನ ಆ ತುಂಡು ಎರಡೂ ತುದಿಯಲ್ಲಿ ಹಳೆಯ ಊರಿಗೇ ಬಂದು ಬೀಳುತ್ತದೆ. ಅಶೋಕ ಸ್ತಂಭದಿಂದ ಮುಂದೆ ರವಿವಾರ ಕಾರಂಜಾದ ಕಡೆಗೆ ನಡೆದು ನೋಡಿ. ಪಥವೆಲ್ಲಿ, ಅಂಗಡಿಯೆಲ್ಲಿ, ಗಟಾರವೆಲ್ಲಿ ಎಂದು ನೀವೇ ಹೇಳಿ. ನಮ್ಮಲ್ಲಿ ಗಾದೆಯೇ ಇದೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಊರಿನ ಹೊಟ್ಟೆಗೆ ಹಿಟ್ಟು ಯಾವುದು? ಬಸ್ಸು.

ಆ ಹಿಟ್ಟಿನ ಲೆಕ್ಕವನ್ನೂ ನೋಡೋಣ. ಎಷ್ಟೋ ವರ್ಷ ನಾಶಿಕದ ಊರೊಳಗಿನ ಬಸ್ಸುಗಳನ್ನು ಎಸ್.ಟಿ. ಮಹಾಮಂಡಳವೇ ಓಡಿಸುತ್ತಿತ್ತು. ನಷ್ಟ, ನಷ್ಟ ಎನ್ನುತ್ತ ಅವರು ಒಂದೊಂದೇ ಫೇರಿಯನ್ನು ಕಡಿದರು. ಕೊನೆಗೆ ಮಹಾನಗರಪಾಲಿಕೆಯೇ ಹೊಣೆ ಹೊತ್ತು 2021ರ ಜುಲೈ 8ರಂದು ಸಿಟಿಲಿಂಕ್ ಹೆಸರಿನಲ್ಲಿ ಹೊಸ ಸೇವೆ ಆರಂಭಿಸಿತು. ಯೋಜನೆ 250 ಬಸ್ಸುಗಳದು. 200 ಅನಿಲದವು, 50 ಡೀಸೆಲಿನವು. ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಸಚಿವಾಲಯವೇ ಹಾಕಿಕೊಟ್ಟ ಮಾನದಂಡದಲ್ಲಿ ಒಂದು ಸಾವಿರ ಜನಸಂಖ್ಯೆಗೆ 0.6 ಬಸ್ಸು, ಅಂದರೆ ಲಕ್ಷಕ್ಕೆ 60, ಇದ್ದರೆ ಮೊದಲ ದರ್ಜೆ. 2011ರ ಜನಗಣತಿಯಲ್ಲಿಯೇ ನಾಶಿಕದ ಜನಸಂಖ್ಯೆ 14 ಲಕ್ಷ 86 ಸಾವಿರ. ಗುಣಿಸಿ ನೋಡಿ, ಸುಮಾರು 890 ಬಸ್ಸು ಬೇಕಾಗುತ್ತದೆ. ಸಂಭಾಜಿನಗರ ಅದೇ ಜನಗಣತಿಯಲ್ಲಿ 11 ಲಕ್ಷ 75 ಸಾವಿರದ ಊರು. ಅಲ್ಲಿಗೆ 700 ಬಸ್ಸು. ಅಲ್ಲಿ 2019ರಲ್ಲಿ ಶುರುವಾದ ಸ್ಮಾರ್ಟ್ ಬಸ್ ಯೋಜನೆ ನೂರು ಬಸ್ಸಿನದು. ಇದು 2011ರ ತಲೆಯೆಣಿಕೆಯ ಲೆಕ್ಕ. ಆಮೇಲೆ ಎರಡೂ ಊರು ಎಷ್ಟು ಉಬ್ಬಿವೆಯೆಂಬುದಕ್ಕೆ ಅಂಗೈ ಹುಣ್ಣಿಗೆ ಕನ್ನಡಿ ಬೇಡ.

ಇದ್ದ ಬಸ್ಸಾದರೂ ನೆಟ್ಟಗೆ ಓಡಿತೇ? ಗುತ್ತಿಗೆದಾರರಿಂದ ಸಂಬಳ ಬಾಕಿಯೆಂದು ನಾಶಿಕದ ಬಸ್ಸಿನ ನೌಕರರು ಹಲವು ಸಲ ಮುಷ್ಕರ ಹೂಡಿದರು. ಪತ್ರಿಕೆ ಓದುವವರಿಗೆಲ್ಲ ಇದು ಗೊತ್ತು. ಕಿಲೋಮೀಟರಿಗೆ ಇಷ್ಟು ಎಂದು ಖಾಸಗಿಯವರಿಗೆ ಹಣ ಕೊಡುವ ಪದ್ಧತಿ ಇದು. ಟಿಕೆಟ್ಟಿನ ದುಡ್ಡು ಪಾಲಿಕೆಗೆ, ಓಡಿಸುವ ಕೆಲಸ ಗುತ್ತಿಗೆಗೆ, ಕಂಡಕ್ಟರು ಇನ್ನೊಬ್ಬ ಗುತ್ತಿಗೆದಾರನ ಕಡೆಯವನು. ಮೂರು ಕೈ ದಾಟಿ ಬರುವಷ್ಟರಲ್ಲಿ ಸಂಬಳ ಎಲ್ಲೋ ಒಂದು ಕಡೆ ಕುಳಿತುಬಿಡುತ್ತದೆ. ರಸ್ತೆಗೆ ಸುರಿದ ಹಣವನ್ನು ಯಾರೂ ನಷ್ಟವೆನ್ನುವುದಿಲ್ಲ, ಬಸ್ಸಿಗೆ ಕೊಟ್ಟದ್ದು ಮಾತ್ರ ನಷ್ಟ! ಕಾಂಕ್ರೀಟು ಟಿಕೆಟ್ಟು ಹರಿಯುತ್ತದೆಯೇ, ಸ್ವಾಮೀ?

ಮೆಟ್ರೊದ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. 2021ರ ಫೆಬ್ರವರಿಯ ಕೇಂದ್ರ ಮುಂಗಡ ಪತ್ರದಲ್ಲಿ ನಾಶಿಕಕ್ಕೆ ರಬ್ಬರ್ ಚಕ್ರದ ಮೆಟ್ರೊ ನಿಯೊ ಎಂದು 2,092 ಕೋಟಿ ರೂಪಾಯಿಯ ಘೋಷಣೆಯಾಯಿತು. ನಮ್ಮ ಕಾಲೋನಿಯಲ್ಲಿ ಮನೆ ಬಾಡಿಗೆ ಏರಿತು. ಮೆಟ್ರೊ ಏರಲಿಲ್ಲ.

ಈಗ ನಾಶಿಕದಿಂದ ಹೊರಟು ಮಗಳ ಊರಿನ ದಾರಿ ಹಿಡಿಯೋಣ. ಸಮೃದ್ಧಿ ಮಹಾಮಾರ್ಗ 701 ಕಿಲೋಮೀಟರು. 2022ರ ಡಿಸೆಂಬರಿನಲ್ಲಿ ಮೊದಲ ಭಾಗ, 2025ರ ಜೂನ್ 5ರಂದು ಕೊನೆಯ ಭಾಗ ತೆರೆಯಿತು. ಮಹಾಕಾರ್ಯವೇ ಸರಿ. ಆದರೆ ಬೈಕು, ರಿಕ್ಷಾಗಳಿಗೆ ಅದರ ಮೇಲೆ ಪ್ರವೇಶವಿಲ್ಲ, ನಡೆಯುವವನಿಗಂತೂ ಕೇಳಲೇ ಬೇಡಿ. ನಮ್ಮಂಥವರ ದಾರಿ ಹಳೆಯ ಔರಂಗಾಬಾದ್ ರಸ್ತೆಯೇ. 2022ರ ಅಕ್ಟೋಬರ್ 8ರಂದು ಬೆಳಕು ಹರಿಯುವ ಮುನ್ನ ಇದೇ ರಸ್ತೆಯಲ್ಲಿ, ನಾಶಿಕದ ಅಂಚಿನ ಒಂದು ಚೌಕದಲ್ಲಿ, ಯವತಮಾಳದಿಂದ ಮುಂಬಯಿಗೆ ಹೊರಟ ಖಾಸಗಿ ಬಸ್ಸು ಲಾರಿಗೆ ಡಿಕ್ಕಿಯಾಗಿ ಹೊತ್ತಿ ಉರಿದು 12 ಜನ ಸತ್ತರು. ಆ ಚೌಕ ಅಪಾಯದ್ದೆಂದು ಸುತ್ತಲಿನವರಿಗೆ ಮೊದಲೇ ಗೊತ್ತಿತ್ತು. ಅಷ್ಟು ಜನ ಸತ್ತ ಮೇಲೆ ಅಲ್ಲಿ ಒತ್ತುವರಿ ತೆಗೆದರು, ರಸ್ತೆ ತಿದ್ದಿದರು. ನಮ್ಮ ಊರುಗಳಲ್ಲಿ ಚೌಕಗಳ ದುರಸ್ತಿಗೆ ಅರ್ಜಿಗಿಂತ ಹೆಣಕ್ಕೇ ಹೆಚ್ಚು ಬೆಲೆ.

ಸಂಭಾಜಿನಗರ ಮುಟ್ಟಿದರೆ ಜಾಲ್ನಾ ರಸ್ತೆ. ಆ ಊರಿನ ಬೆನ್ನೆಲುಬು ಅದು. ಕ್ರಾಂತಿ ಚೌಕ, ಮೊಂಢಾ ನಾಕಾ, ಸೆವೆನ್ ಹಿಲ್ಸ್, ಸಿಡ್ಕೊ, ಹೀಗೆ ಒಂದರ ಹಿಂದೊಂದು ಮೇಲ್ಸೇತುವೆ. ಮೇಲೆ ಹೋಗುವ ಕಾರಿಗೆ ಹಿತ. ಕೆಳಗೆ ಈ ಬದಿಯಿಂದ ಆ ಬದಿಗೆ ದಾಟಬೇಕಾದ ಮುದುಕನಿಗೆ ರಾಮನಾಮವೇ ಗತಿ. ಇದು ಸಾಲದೆಂದು ವಾಳೂಜಿನಿಂದ ಶೇಂದ್ರಾವರೆಗೆ ಎರಡಂತಸ್ತಿನ ಸೇತುವೆ ಕಟ್ಟಿ ಅದರ ಮೇಲೆ ಮೆಟ್ರೊ ಓಡಿಸುವ ಯೋಜನೆಯ ಮಾತೂ ವರ್ಷಗಳಿಂದ ಕೇಳಿಬರುತ್ತಿದೆ. ನೆಲದ ಮೇಲೆ ಬಸ್ ನಿಲ್ದಾಣಕ್ಕೆ ನೆರಳಿಲ್ಲದ ಊರಿಗೆ ಆಕಾಶದಲ್ಲಿ ಎರಡಂತಸ್ತು.

2025ರ ಜೂನ್‌ನಲ್ಲಿ ಅಲ್ಲಿನ ಮುಕುಂದವಾಡಿಯಲ್ಲಿ ಒಂದು ಕೊಲೆಯಾಯಿತು. ಅದರ ಬೆನ್ನಿಗೇ ಪಾಲಿಕೆಯ ಬುಲ್ಡೋಜರುಗಳು ಜಾಲ್ನಾ ರಸ್ತೆಗಿಳಿದವು. ಅಲ್ಲಿಂದ ಊರಿನ ಇತರ ಹೆದ್ದಾರಿಗಳಿಗೂ ಹಬ್ಬಿ, ರಸ್ತೆ ಅಗಲೀಕರಣದ ಹೆಸರಿನಲ್ಲಿ ಅಂಗಡಿ, ಮನೆ, ಹೋಟೆಲು ಸಾಲುಸಾಲಾಗಿ ನೆಲಕ್ಕೆ ಬಿದ್ದವು. ನಮ್ಮ ಹಿರಿಯರು ಮೆಚ್ಚಿಕೊಂಡದ್ದು ಇದನ್ನೇ. ಒತ್ತುವರಿಯ ಪರ ವಕಾಲತ್ತು ನನ್ನದಲ್ಲ. ಬೀದಿ ಎಲ್ಲರದು, ಒಬ್ಬನ ಕಟ್ಟೆಗಾಗಿ ನೂರು ಜನ ರಸ್ತೆಗಿಳಿದು ನಡೆಯಬೇಕೆಂಬುದು ಅನ್ಯಾಯ. ಆದರೆ ಕೆಡವಿ ತೆರವಾದ ಆ ನೆಲ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವೇಕೆ? ಪಾದಚಾರಿಗೆ ಎರಡು ಮೀಟರು, ಬಸ್ಸಿಗೆ ತಂಗುದಾಣ, ಬಂಡಿಯವನಿಗೆ ಗುರುತು ಹಾಕಿದ ಜಾಗ ಎಂದು ನಕ್ಷೆಯನ್ನು ಮೊದಲು ಗೋಡೆಗೆ ಅಂಟಿಸಿ, ಆಮೇಲೆ ಬುಲ್ಡೋಜರು ತಂದರೆ ಅದು ಆಡಳಿತ. ಬುಲ್ಡೋಜರು ಮೊದಲು, ನಕ್ಷೆ ಆಮೇಲೆ ಎಂದರೆ ತೆರವಾದ ನೆಲದಲ್ಲಿ ನಾಳೆ ನಿಲ್ಲುವುದು ಕಾರೇ. ಬೀದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯದೆಯ ರಕ್ಷಣೆಯಿದೆ. ಅವರನ್ನು ಎಬ್ಬಿಸುವ ಮುನ್ನ ಸಮೀಕ್ಷೆಯಾಗಬೇಕು, ನಗರ ವ್ಯಾಪಾರ ಸಮಿತಿ ಕೂಡಬೇಕು. ಇದು ದಯೆಯ ಮಾತಲ್ಲ, ಕಾನೂನಿನ ಮಾತು.

ಒಂದು ತಮಾಷೆ ನೋಡಿ. 1610ರಲ್ಲಿ ಮಲಿಕ್ ಅಂಬರ್ ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದ ಊರು ಇದು. ಕುದುರೆ, ಆನೆ, ಪಲ್ಲಕ್ಕಿಗಳ ಅಳತೆಗೆ ಕಟ್ಟಿದ ದರವಾಜೆಗಳು ಇಂದಿಗೂ ನಿಂತಿವೆ. ಬಾರಾಪುಲ್ಲಾ, ಮೆಹಮೂದ್ ದರವಾಜೆಗಳ ಕಮಾನಿನಡಿ ಖಾಮ್ ನದಿ ದಾಟಲು ರಿಕ್ಷಾ, ಬೈಕು, ಕಾರುಗಳೆಲ್ಲ ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತವೆ. ದರವಾಜೆಯನ್ನು ಅಗಲ ಮಾಡಲಾಗದು, ಮಾಡಲೂಬಾರದು. ಹಾಗಾದರೆ ಒಳಗೆ ಹೋಗುವ ವಾಹನವೇ ಕಡಿಮೆಯಾಗಬೇಕು. ನಾನೂರು ವರ್ಷದ ಹಿಂದಿನ ಕಮಾನು ಹೇಳುತ್ತಿರುವ ಈ ಸರಳ ಮಾತು ನಮ್ಮ ಎಂಜಿನಿಯರುಗಳಿಗೆ ಯಾಕೋ ಕೇಳಿಸುವುದಿಲ್ಲ. ಹಾಗೆಂದು ಆ ಊರಿಗೆ ತಿಳಿವಳಿಕೆಯೇ ಇಲ್ಲವೆಂದಲ್ಲ. ಜನರಿಗಾಗಿ ಬೀದಿ ಎಂಬ ಕೇಂದ್ರದ ಸ್ಪರ್ಧೆಯಲ್ಲಿ ದೇಶದ 11 ವಿಜೇತ ನಗರಗಳಲ್ಲಿ ಅದೂ ಒಂದಾಗಿತ್ತು, ನಮ್ಮ ಬೆಂಗಳೂರಿನ ಜೊತೆಗೇ. ಬಣ್ಣ ಬಳಿದರು, ಮಕ್ಕಳು ಬೀದಿಯಲ್ಲಿ ಆಡಿದರು, ಛಾಯಾಚಿತ್ರ ತೆಗೆದರು. ಬಹುಮಾನ ಪಡೆದ ಬುದ್ಧಿ ಬುಲ್ಡೋಜರಿನ ಹೊತ್ತಿಗೆ ಎಲ್ಲಿ ಹೋಗಿತ್ತು ಎಂಬುದೇ ನನ್ನ ಪ್ರಶ್ನೆ.

'ಇವೆಲ್ಲ ಪುಸ್ತಕದ ಮಾತು, ನಮ್ಮ ದೇಶದಲ್ಲಿ ನಡೆಯುವುದಿಲ್ಲ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಬ್ರೆಜಿಲಿನ ಕುರಿಟಿಬಾ ಊರಿನ ಒಂದು ಸಂಗತಿ ಹೇಳಬೇಕು. 1972ರಲ್ಲಿ ಅಲ್ಲಿನ ಮೇಯರ್ ಜೈಮೆ ಲೆರ್ನರ್ ಊರಿನ ಮುಖ್ಯ ವ್ಯಾಪಾರದ ಬೀದಿಯನ್ನು ಬರೀ ನಡೆಯುವವರಿಗೆಂದು ಮೀಸಲಿಡಲು ಹೊರಟಾಗ ಅಂಗಡಿಕಾರರು ಕೆಂಡವಾದರು; ಕೋರ್ಟಿಗೆ ಹೋಗುವ ಮಾತಾಡಿದರು. ಆತ ಶುಕ್ರವಾರ ಸಂಜೆ ಕೋರ್ಟು ಮುಚ್ಚಿದ ಮೇಲೆ ಕೆಲಸ ಶುರು ಮಾಡಿ, ವಾರಾಂತ್ಯದ ಮೂರು ದಿನದಲ್ಲಿ ಮುಗಿಸಿಬಿಟ್ಟ. ವ್ಯಾಪಾರ ಕುಸಿಯಲಿಲ್ಲ, ಏರಿತು. ಕೂಗಾಡಿದ ಅಂಗಡಿಕಾರರೇ ನಮ್ಮ ಬೀದಿಗೂ ವಿಸ್ತರಿಸಿ ಎಂದು ಕೇಳಿದರು. ಸಿಟ್ಟಿಗೆದ್ದ ಕೆಲವರು ಕಾರು ನುಗ್ಗಿಸುತ್ತೇವೆಂದು ಬಂದರೆ, ಆತ ಪೋಲೀಸರನ್ನು ನಿಲ್ಲಿಸಲಿಲ್ಲ. ಬೀದಿಯುದ್ದಕ್ಕೂ ಕಾಗದ ಹಾಸಿ ಮಕ್ಕಳನ್ನು ಚಿತ್ರ ಬರೆಯಲು ಕೂರಿಸಿದ. ಮಕ್ಕಳ ಮೇಲೆ ಕಾರು ಯಾರು ಓಡಿಸುತ್ತಾರೆ? ಅದೇ ಊರು 1974ರಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟು ಜಗತ್ತಿಗೇ ದಾರಿ ತೋರಿತು. ಕುರಿಟಿಬಾ ಆಗ ಸಿರಿವಂತ ಊರೇನೂ ಅಲ್ಲ. ನಮ್ಮಲ್ಲಿ 1.1 ಕಿಲೋಮೀಟರಿಗೆ ಆ ಮೂರು ದಿನ ಎಷ್ಟು ತಿಂಗಳಾಯಿತು ಎಂಬುದನ್ನು ಮೇಲೆಯೇ ಹೇಳಿದ್ದೇನೆ.

ಅಷ್ಟು ದೂರ ಬೇಡವೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡವನ್ನೇ ನೋಡಬಹುದು. ಎರಡೂ ಊರುಗಳ ನಡುವೆ 22 ಕಿಲೋಮೀಟರು ಬಸ್ಸಿಗೇ ಮೀಸಲಾದ ಪಥ. 2018ರ ಅಕ್ಟೋಬರಿನಿಂದ ಚಿಗರಿ ಬಸ್ಸುಗಳ ಪ್ರಾಯೋಗಿಕ ಓಡಾಟ. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಉದ್ಘಾಟನೆ. ಕಟ್ಟುವಾಗ ವರ್ಷಗಟ್ಟಲೆ ಅಗೆದು ನಮ್ಮ ನೆಂಟರ ಸೊಂಟ ಮುರಿದದ್ದು ನಿಜ, ಸಾಲುಮರಗಳು ಹೋದದ್ದು ನಿಜ, ಪಕ್ಕದ ಪಥದಲ್ಲಿ ಉಳಿದ ವಾಹನಗಳು ಇಕ್ಕಟ್ಟಾಗಿ ಧಾರವಾಡದವರು ಇಂದಿಗೂ ಬಯ್ಯುವುದೂ ನಿಜ. ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಆದರೂ ಕಾಲೇಜಿಗೆ ಹೋಗುವ ನನ್ನ ತಂಗಿಯ ಮೊಮ್ಮಗಳು ಗಡಿಯಾರ ನೋಡಿ ಮನೆ ಬಿಡುತ್ತಾಳೆ. ನಾಶಿಕದಲ್ಲಿ ನಾವು ಪಂಚಾಂಗ ನೋಡಿ ಬಿಡುತ್ತೇವೆ.

ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳ ವಿಷಯದಲ್ಲಿಯೂ ಎರಡು ಮಾತು. ಅವು ದುಬಾರಿ, ಸಿರಿವಂತರ ಬೀದಿಗಳಲ್ಲೇ ಹೆಚ್ಚಾದವು, ಇವೆರಡೂ ದೂರುಗಳು ಸರಿಯೇ. ಆದರೆ ಅದರ ಹಿಂದಿನ ವಿಚಾರ ಕದಿಯಲು ಯೋಗ್ಯವಾದದ್ದು. ನೀರಿನ ಕೊಳವೆ, ವಿದ್ಯುತ್ ತಂತಿ, ದೂರವಾಣಿ, ಗಟಾರ ಎಲ್ಲವನ್ನೂ ಮೊದಲೇ ಪಾದಚಾರಿ ಪಥದ ಕೆಳಗೆ ಕೊಳವೆಗಳಲ್ಲಿ ಹಾಕಿಬಿಡುವುದು. ದುರಸ್ತಿಗೆ ಮುಚ್ಚಳ ತೆಗೆದರಾಯಿತು, ರಸ್ತೆ ಅಗೆಯಬೇಕಿಲ್ಲ. ವಾಹನದ ಪಥ ಉದ್ದಕ್ಕೂ ಒಂದೇ ಅಗಲವಿರುವುದು. ಉಳಿದ ಅಂಗುಲವೆಲ್ಲ ನಡೆಯುವವನಿಗೆ. ಒಂದು ಕಡೆ ಮೂರು ಪಥವಿದ್ದು ಮುಂದೆ ಎರಡಾದರೆ ಆ ಮೂರನೆಯದು ವಾಹನ ಸಾಗಿಸುವುದಿಲ್ಲ, ಬಾಟಲಿಯ ಕತ್ತಿನಲ್ಲಿ ಸಿಕ್ಕಿಸುತ್ತದೆ. ರಸ್ತೆ ಅಗಲವಾದಷ್ಟೂ ಸಂಚಾರ ಸುಗಮವೆಂಬ ನಮ್ಮ ಮೂಢನಂಬಿಕೆ ಅಲ್ಲಿಗೇ ಬಿದ್ದುಹೋಗುತ್ತದೆ.

ಇನ್ನು ನಡೆಯುವವನ ಜೀವದ ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಪಾದಚಾರಿಗಳು. ಅವರು ಯಾವ ವಾಹನದಲ್ಲೂ ಕುಳಿತಿರಲಿಲ್ಲ, ಯಾರನ್ನೂ ಹಿಂದಿಕ್ಕಲು ಹೋಗಲಿಲ್ಲ, ನಡೆಯುತ್ತಿದ್ದರು, ಅಷ್ಟೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಪಾದಚಾರಿ ಪಥದಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರು ಜಾಗ ಬೇಕು; ಅಂಚಿನ ಎತ್ತರ 15 ಸೆಂಟಿಮೀಟರು ಮೀರಬಾರದು. ನಮ್ಮ ಊರುಗಳಲ್ಲಿ ಪಥವಿರುವ ಕಡೆ ಅದು ಎರಡಡಿ ಎತ್ತರದ ಜಗುಲಿ. ಅಜ್ಜಿಯರು ಹತ್ತುವುದು ಹೇಗೆ? 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ಅಡೆತಡೆಯಿಲ್ಲದ ಪಾದಚಾರಿ ಪಥ ನಾಗರಿಕನ ಹಕ್ಕು, ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲೇ ಅದೂ ಸೇರಿದೆ ಎಂದು ಹೇಳಿತು. ನಾಶಿಕದ ದ್ವಾರಕಾ ವೃತ್ತದಲ್ಲಿ, ಮುಂಬಯಿ-ಆಗ್ರಾ ಹಾಗೂ ಪುಣೆ ರಸ್ತೆಗಳು ಕೂಡುವಲ್ಲಿ, ಜನ ದಾಟಲೆಂದು ನೆಲದಡಿ ಸುರಂಗ ಕಟ್ಟಿದರು; ಜನ ಅದರೊಳಗೆ ಇಳಿಯಲಿಲ್ಲ, ವರ್ಷಗಟ್ಟಲೆ ಅದು ಹಾಳುಬಿತ್ತು. ನಡೆಯುವವನನ್ನು ಪಾತಾಳಕ್ಕೆ ಕಳಿಸಿ ವಾಹನವನ್ನು ನೇರ ಬಿಡುವ ಬುದ್ಧಿಗೆ ಜನ ಕೊಟ್ಟ ಉತ್ತರ ಅದು.

ಒಂದು ಸಂಜೆಯ ಮಾತು ಹೇಳುತ್ತೇನೆ. ಯಾವ ಊರು, ಯಾವ ಬೀದಿ ಎಂಬುದು ಬೇಡ. ಅಗೆದು ಬಿಟ್ಟ ರಸ್ತೆ. ಬಸ್ಸಿನ ನಿಲ್ದಾಣವನ್ನು ಕಿತ್ತು ಎಲ್ಲಿಗೋ ಸರಿಸಿದ್ದರು, ಎಲ್ಲಿಗೆಂಬ ಫಲಕವಿಲ್ಲ. ಕತ್ತಲಾಗುತ್ತಿತ್ತು. ಕಾಂಕ್ರೀಟಿನ ಕೆಲಸ ಮುಗಿಸಿ ಬುಟ್ಟಿ ಹಿಡಿದ ಹೆಂಗಸೊಬ್ಬಳು, ಸೊಂಟದಲ್ಲಿ ಕೂಸು, ಹೋಗಿ ಬರುವವರನ್ನೆಲ್ಲ ಒಡೆದ ಹಿಂದಿಯಲ್ಲಿ ಏನೋ ಕೇಳುತ್ತಿದ್ದಳು, ಯಾರೂ ನಿಲ್ಲುತ್ತಿರಲಿಲ್ಲ. ನಾನು ಹತ್ತಿರ ಹೋದಾಗ ಕೂಸಿಗೆ 'ಅಳಬ್ಯಾಡೋ ಯಪ್ಪಾ' ಅಂದಳು. ಕನ್ನಡ! ಯಾದಗಿರಿಯ ಕಡೆಯವಳು. 'ಬಸ್ಸು ಈಗ ಎಲ್ಲಿ ನಿಲ್ತೈತ್ರೀ ಯಜಮಾನ್ರ?' ಎಂದು ಕೇಳಿದಳು. ನನಗೂ ತಿಳಿದಿರಲಿಲ್ಲ. ಇಬ್ಬರೂ ಕೂಡಿ ಅರ್ಧ ಗಂಟೆ ಹುಡುಕಿದೆವು. ಆ ಕಲ್ಲಿನ ರಾಶಿಯ ಮೇಲೆಯೇ ನಾನು ಜಾರಿ ಮೊಣಕಾಲು ತರಚಿಕೊಂಡದ್ದು, ಎಬ್ಬಿಸಿದವಳು ಅವಳೇ. ಕೊನೆಗೆ ರಿಕ್ಷಾ ಮಾಡಿ ಕಳಿಸಿದೆ. ದುಡ್ಡು ಕೊಡಲು ಹೋದರೆ ಬೇಡವೆಂದಳು. ದಿನದ ಕೂಲಿಯ ಗಂಟಿನಿಂದಲೇ ಬಿಚ್ಚಿ ಕೊಟ್ಟಳು. ರಸ್ತೆ ಮಾಡುವವಳೇ ಆ ರಸ್ತೆಯಲ್ಲಿ ಮನೆಗೆ ಹೋಗಲಾರಳು.

ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಇಂಥ ಎಷ್ಟೋ ಜನ ನಮ್ಮ ಎರಡೂ ಊರುಗಳಲ್ಲಿದ್ದಾರೆ. ಅವರು ನಮ್ಮ ಸಂಘದ ಸದಸ್ಯರಲ್ಲ, ರಾಜ್ಯೋತ್ಸವಕ್ಕೆ ಬರುವುದಿಲ್ಲ. ನಾವು ವೇದಿಕೆಯ ಮೇಲೆ ಕನ್ನಡ ನಾಡು ಒಂದು ಕಾಲಕ್ಕೆ ಗೋದಾವರಿಯವರೆಗೆ ಹಬ್ಬಿತ್ತು, ಎಲ್ಲೋರದ ಕೈಲಾಸ ಕೊರೆಯಿಸಿದವನು ರಾಷ್ಟ್ರಕೂಟರ ಕೃಷ್ಣ, ಎಂದು ಎದೆಯುಬ್ಬಿಸಿ ಭಾಷಣ ಮಾಡಿ, ಕೆಳಗಿಳಿದು ಕಾರು ಹತ್ತುತ್ತೇವೆ. ಗೋದಾವರಿಯ ದಡದಲ್ಲಿ ಬಸ್ಸಿಗೆ ಕಾಯುತ್ತಿರುವ ಕನ್ನಡದ ಹೆಣ್ಣುಮಗಳು ನಮ್ಮ ಭಾಷಣದಲ್ಲಿ ಬರುವುದಿಲ್ಲ.

ಪರಸ್ಥಳದವರಾದ ನಮಗೇಕೆ ಈ ಉಸಾಬರಿ ಎಂಬ ಮಾತು ನನಗೆ ಚುಚ್ಚಿದ್ದು ಇದಕ್ಕೇ. ನಾಲ್ವತ್ತು ವರ್ಷ ಇಲ್ಲಿ ತೆರಿಗೆ ಕೊಟ್ಟ ಮೇಲೆಯೂ ನಾವು ಪರಸ್ಥಳದವರೇ? ನಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿ ಓದಿದರು, ನಮ್ಮ ಮತ ಇಲ್ಲಿದೆ, ನಮ್ಮ ಸುಡುಗಾಡೂ ಇಲ್ಲೇ. ಅಲ್ಲದೆ, ಗೊಡವೆಗೆ ಹೋಗುವುದಿಲ್ಲ ಎನ್ನುವ ನಾವು ನಮ್ಮ ಲಾಭ ಬಂದಾಗ ಚೆನ್ನಾಗಿಯೇ ಗೊಡವೆಗೆ ಹೋಗುತ್ತೇವೆ. ನಮ್ಮ ಹೋಟೆಲಿನವರು ಬೇಜಾರು ಮಾಡಿಕೊಳ್ಳಬಾರದು: ದೋಸೆಯ ಕಾವಲಿ ಪಾದಚಾರಿ ಪಥಕ್ಕೆ ಬಂದದ್ದು ಯಾರ ಅಂಗಡಿಯಿಂದ? ಮುಂದೆ ಬಸ್ ನಿಲ್ದಾಣ ಬಂದರೆ ಗಿರಾಕಿಯ ಕಾರಿಗೆ ಜಾಗವಿರದೆಂದು ನಗರಸೇವಕರ ಮನೆಗೆ ಹೋಗಿ ನಿಲ್ದಾಣವನ್ನು ಅತ್ತ ತಳ್ಳಿಸಿದವರು ಯಾರು? ನಾನೂ ಸಾಚಾ ಅಲ್ಲ. ನಿವೃತ್ತಿಯ ಹಣದಲ್ಲಿ ಕೊಂಡ ಕಾರನ್ನು ಆರು ವರ್ಷ ಮನೆಯ ಮುಂದಿನ ಸಾರ್ವಜನಿಕ ರಸ್ತೆಯಲ್ಲೇ ನಿಲ್ಲಿಸಿದೆ, ಒಂದು ಪೈಸೆ ಬಾಡಿಗೆ ಕೊಡದೆ. ಅದರ ಮೇಲೆ ಹೊದಿಕೆ ಬೇರೆ! ಎದುರು ಮನೆಯ ಹುಡುಗಿ ಗಾಲಿಕುರ್ಚಿಯಲ್ಲಿ ಹೊರಬರಲು ಅದೇ ಅಡ್ಡಿಯೆಂದು ಅವಳ ತಾಯಿ ಒಂದು ದಿನ ಹೇಳುವವರೆಗೆ ನನಗದು ಹೊಳೆಯಲೇ ಇಲ್ಲ. ಈಗ ಮಾರಿದ್ದೇನೆ.

ಈ ಮಾತು ಈಗಲೇ ಏಕೆಂದರೆ ಸಿಂಹಸ್ಥ ಕುಂಭಮೇಳ. ಧ್ವಜಾರೋಹಣಕ್ಕೆ ಗೊತ್ತುಮಾಡಿದ ದಿನ 2026ರ ಅಕ್ಟೋಬರ್ 31, ಮೊದಲ ಅಮೃತಸ್ನಾನಕ್ಕೆ 2027ರ ಆಗಸ್ಟ್ 2. ಅದರ ಹೆಸರಿನಲ್ಲಿ ನಾಶಿಕದ ರಸ್ತೆಗಳಿಗೆ ಹರಿಯುವ ಹಣ ಇನ್ನು ಹನ್ನೆರಡು ವರ್ಷ ಮತ್ತೆ ಹರಿಯುವುದಿಲ್ಲ. 2003ರ ಆಗಸ್ಟ್ 27ರಂದು ರಾಮಕುಂಡಕ್ಕೆ ಇಳಿಯುವ ಸರದಾರ ಚೌಕದ ಇಳಿಜಾರಿನ ಕಿರಿದಾದ ಬೀದಿಯಲ್ಲಿ ಕಾಲ್ತುಳಿತವಾಗಿ 39 ಯಾತ್ರಿಕರು ಸತ್ತದ್ದನ್ನು ನಾಶಿಕದವರು ಮರೆತಿಲ್ಲ. ಅಂಥ ಬೀದಿಯನ್ನು ಅಗಲ ಮಾಡಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಗಮನಿಸಿ: ಅಲ್ಲಿ ಸತ್ತವರು ನಡೆಯುತ್ತಿದ್ದವರು. ಕುಂಭಕ್ಕೆ ಬರುವ ಕೋಟಿ ಜನರಲ್ಲಿ ಬಹುಪಾಲು ಬರುವುದು ರೈಲು, ಬಸ್ಸಿನಲ್ಲಿ. ಕೊನೆಯ ಹಾದಿ ಎಲ್ಲರಿಗೂ ಕಾಲ್ನಡಿಗೆಯೇ. ಅವರಿಗಾಗಿ ಮಾಡುವ ರಸ್ತೆಯ ನಕ್ಷೆಯಲ್ಲಿ ಕಾಲ್ನಡಿಗೆಯ ಅಗಲ ಎಷ್ಟು, ಬಸ್ಸಿನ ಪಥ ಎಲ್ಲಿ, ಮೇಳ ಮುಗಿದ ಮೇಲೆ ಅದು ಉಳಿಯುತ್ತದೆಯೇ ಎಂದು ಕೇಳುವುದು ಉಸಾಬರಿಯಾದರೆ, ಆಗಲಿ.

ಕೇಳಿದರೆ ಉತ್ತರ ಸಿಕ್ಕೀತೇ? ಇಷ್ಟು ಕಾಲ ಕೇಳಲು ಬಾಗಿಲೇ ಇರಲಿಲ್ಲ. ನಾಶಿಕದಲ್ಲಿ 2022ರ ಮಾರ್ಚ್‌ನಿಂದ, ಸಂಭಾಜಿನಗರದಲ್ಲಿ 2020ರ ಏಪ್ರಿಲ್‌ನಿಂದ ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಗಳದೇ ರಾಜ್ಯ. 2026ರ ಜನವರಿಯ ಚುನಾವಣೆಯಿಂದ ಮತ್ತೆ ನಗರಸೇವಕರು ಬಂದಿದ್ದಾರೆ. ಮನೆ ಬಾಗಿಲಿಗೆ ಬಂದು ಕೈಮುಗಿದ ಮುಖಗಳು ಇನ್ನೂ ನೆನಪಿನಲ್ಲಿವೆ. ಬಾಯಿಬಿಟ್ಟರೆ ಫಲವಿಲ್ಲವೆಂದೂ ಇಲ್ಲ. 2024ರಲ್ಲಿ ಸಂಭಾಜಿನಗರದ ಕರಡು ವಿಕಾಸ ಯೋಜನೆ ಹೊರಬಂದಾಗ ಸಾವಿರಾರು ಜನ ಆಕ್ಷೇಪಣೆ ಬರೆದುಕೊಟ್ಟರು. 2025ರ ಕೊನೆಯಲ್ಲಿ ಕುಂಭದ ಸಾಧುಗ್ರಾಮಕ್ಕಾಗಿ ನಾಶಿಕದ ತಪೋವನದ ಮರಗಳಿಗೆ ಕೊಡಲಿ ಬೀಳುತ್ತದೆಂದಾಗ ಸಾಮಾನ್ಯ ನಾಗರಿಕರು ಬೀದಿಗಿಳಿದು ರಾಜ್ಯವೇ ತಿರುಗಿ ನೋಡುವಂತೆ ಮಾಡಿದರು. ಅವರ ನಡುವೆ ಕನ್ನಡದ ಹೆಸರು ಎಷ್ಟಿತ್ತೆಂದು ನಮ್ಮ ಹಿರಿಯರನ್ನೇ ಕೇಳುತ್ತೇನೆ.

ನಾನು ಮರಾಠಿಯಲ್ಲಿ ಒಂದೂವರೆ ಪುಟದ ಅರ್ಜಿ ಬರೆದಿದ್ದೇನೆ. ಕುಂಭದ ನಿಮಿತ್ತ ಹೊಸದಾಗಿ ಕಟ್ಟುವ ಪ್ರತಿ ರಸ್ತೆಯ ನಕ್ಷೆಯನ್ನು ಅಗೆಯುವ ಮೊದಲೇ ಆ ವಾರ್ಡಿನಲ್ಲಿ ತೂಗುಹಾಕಬೇಕು. ಎರಡೂ ಬದಿ 1.8 ಮೀಟರಿನ ಪಥ ಮೊದಲು ಗುರುತಾಗಿ ಆಮೇಲೆ ವಾಹನದ ಪಥ ಬರಬೇಕು. ಅಗೆತದ ಕಾಲದಲ್ಲಿ ಬಸ್ ನಿಲ್ದಾಣ ಸರಿದರೆ ಮರಾಠಿ, ಹಿಂದಿಯಲ್ಲಿ ಫಲಕ ಹಾಕಬೇಕು. ಮೇಳಕ್ಕೆಂದು ತರುವ ಬಸ್ಸುಗಳು ಮೇಳ ಮುಗಿದ ಮೇಲೂ ಊರಿನಲ್ಲೇ ಉಳಿಯಬೇಕು, ನೌಕರರ ಸಂಬಳಕ್ಕೆ ಪಾಲಿಕೆಯೇ ಜವಾಬ್ದಾರಿ ಹೊರಬೇಕು. ಹೋಟೆಲಿನ ನಾಲ್ವರು ಗೆಳೆಯರು ಗೊಣಗುತ್ತಲೇ ಸಹಿ ಹಾಕಿದ್ದಾರೆ. ಅವರಲ್ಲೊಬ್ಬರು ಕಾವಲಿಯನ್ನು ಒಳಗೆ ಸರಿಸಿದ್ದಾರೆ ಕೂಡ. ಮರಾಠಿ ನೆರೆಹೊರೆಯವರದು ಹದಿನೇಳು ಸಹಿ ಬಂದಿದೆ. ಕನ್ನಡದವು ಸದ್ಯಕ್ಕೆ ಒಂಬತ್ತು. ಅರ್ಜಿ ಭಾನುವಾರದ ಕನ್ನಡ ತರಗತಿ ನಡೆಯುವ ಕೋಣೆಯಲ್ಲಿ, ಮೇಜಿನ ಮೇಲೆ, ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಇರುತ್ತದೆ. ಟಿಪ್ಪಣಿ ಬರೆದ ನಮ್ಮ ಹಿರಿಯರು ನಾಶಿಕಕ್ಕೆ ಮತ್ತೆ ಬಂದಾಗ ಕಾರನ್ನು ನಮ್ಮ ಮನೆಯಲ್ಲೇ ಬಿಡಲಿ. ಜಾಗ ಈಗ ಖಾಲಿಯಿದೆ. ಸಿ.ಬಿ.ಎಸ್.ವರೆಗೆ ಜೊತೆಯಾಗಿ ಬಸ್ಸಿನಲ್ಲಿ ಹೋಗೋಣ.